ಲ್ಯಾಮಿನೇಷನ್ ಒಳಗಿನ ಕುಂಕುಮ

2011ರ ಶ್ರಾವಣದ ಒಂದು ಶುಕ್ರವಾರ, ಮಧ್ಯಾಹ್ನ ಮೂರೂವರೆಗೆ, ನಾನು ಕೊಪ್ಪಳದ ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ, ಕೌಂಟರಿನ ಎಡತುದಿಗೆ ನಿಂತಿದ್ದೆ. ಅಲ್ಲಿಂದ ಕಂಪ್ಯೂಟರಿನ ಪರದೆ ಓರೆಯಾಗಿ, ಆದರೆ ಪೂರ್ತಿ ಕಾಣುತ್ತಿತ್ತು. ನನ್ನ ಪಕ್ಕದಲ್ಲಿ ತಂಗಿ ನಿಂತಿದ್ದಳು. ಅವ್ವ ಹಿಂದಿನ ಬೆಂಚಿನ ಮೇಲೆ ಕುಳಿತಿದ್ದಳು.

ತಂಗಿ ನರ್ಸಿಂಗ್ ಮುಗಿಸಿದ್ದಳು. ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯವರು ಕೆಲಸ ಕೊಡಲು ಒಪ್ಪಿ, ಅವಳ ಕಾಗದಪತ್ರಗಳನ್ನು ಅಂದು ಐದು ಗಂಟೆಯೊಳಗೆ ಇಮೇಲ್ ಮಾಡಲು ಹೇಳಿದ್ದರು. ಎಲ್ಲವೂ ಒಂದೇ ಫೈಲಿನಲ್ಲಿರಬೇಕು, ಅದು ಎರಡು ಎಂಬಿ ಮೀರಬಾರದು. ಅಂಗಡಿಯಾಕೆ ಏಳು ಹಾಳೆಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕೂಡಿಸಿದರು. ಒಂಬತ್ತು ಎಂಬಿ ಆಯಿತು. ಕಪ್ಪು-ಬಿಳುಪಿನಲ್ಲಿ ಮಾಡಿದರೆ ಸಣ್ಣದಾಗುತ್ತದೆ ಎಂದು ಮತ್ತೆ ಎಲ್ಲವನ್ನೂ ಮಾಡಿದರು. ಸಣ್ಣದಾಯಿತು ನಿಜ. ಆದರೆ ತಂಗಿಯ ನರ್ಸಿಂಗ್ ನೋಂದಣಿ ಪತ್ರದಲ್ಲಿ, ನಂಬರಿನ ಕೊನೆಯ ಮೂರು ಅಂಕಿಗಳ ಮೇಲೆ ಒಂದು ಕಪ್ಪು ಮಚ್ಚೆ ಕುಳಿತಿತ್ತು.

ಅದು ಕುಂಕುಮ. ಆ ಪತ್ರ ಮನೆಗೆ ಬಂದ ದಿನ ಅವ್ವ ಅದನ್ನು ದೇವರ ಮುಂದಿಟ್ಟು ಒದ್ದೆ ಬೆರಳಿನಿಂದ ಹಚ್ಚಿದ್ದಳು. ಕೆಡಬಾರದೆಂದು ಮರುದಿನವೇ ಯಲಬುರ್ಗಾಕ್ಕೆ ಒಯ್ದು, ಕುಂಕುಮದ ಸಮೇತ ಲ್ಯಾಮಿನೇಷನ್ ಮಾಡಿಸಿದವನು ನಾನು. ಪ್ಲಾಸ್ಟಿಕ್ ಬಿಚ್ಚಿದರೆ ಅಕ್ಷರಗಳೇ ಕಿತ್ತು ಬರುತ್ತವೆ ಎಂದರು ಅಂಗಡಿಯಾಕೆ.

"ದೇವ್ರ ಮುಂದ ಇಟ್ಟಿದ್ದು ತಪ್ಪಾತೇನ?" ಎಂದಳು ಅವ್ವ, ಯಾರನ್ನೂ ನೋಡದೆ.

"ಇಟ್ಟಿದ್ದು ತಪ್ಪಲ್ಲಬೇ ಯವ್ವಾ," ಎಂದಳು ತಂಗಿ. "ನಂಬರ್ ಬಿಟ್ಟು ಮೂಲಿಗೆ ಹಚ್ಚಬೇಕಿತ್ತು. ನಮ್ಮಣ್ಣ ಬ್ಯಾರೆ ಅದಕ್ಕ ಪ್ಲಾಸ್ಟಿಕ್ಕಿನ ಮನಿ ಕಟ್ಟಿಸ್ಯಾನ."

ಅಂಗಡಿಯಾಕೆ ನಕ್ಕರು. ನನಗೆ ನಗು ಬರಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ ಆಗಿತ್ತು. ಅವರು ಮೊದಲಿನ ಬಣ್ಣದ ಪ್ರತಿಯನ್ನು ತೆರೆದು ಆ ಜಾಗವನ್ನು ದೊಡ್ಡದು ಮಾಡಿದರು. ಕೆಂಪಿನ ಕೆಳಗೆ ಮೂರೂ ಅಂಕಿಗಳು ಇದ್ದವು. ತಂಗಿ ಒಂದೊಂದಾಗಿ ಓದಿದಳು. ನಾನೂ ಓದಿದೆ.

"ಇದೊಂದ ಹಾಳಿ ಕಲರ್‌ನಾಗ ಇರ್ಲಿ ಬಿಡ್ರಿ ಅಣ್ಣಾರ," ಎಂದರು ಅಂಗಡಿಯಾಕೆ. "ಉಳಿದ ಆರೂ ಬ್ಲ್ಯಾಕ್ ಅಂಡ್ ವೈಟ್ ಇಟ್ಟು ಕೂಡಿಸ್ತೀನಿ."

ಕೂಡಿಸಿದಾಗ ಎರಡು ಎಂಬಿಗೆ ಸ್ವಲ್ಪ ಕಡಿಮೆಯೇ ಬಂತು. ಕಳಿಸುವ ಮೊದಲು ನಾನು ಪರದೆಯ ಮೇಲೆ ಏಳೂ ಹಾಳೆಗಳನ್ನು ಎಣಿಸಿದೆ. ಆರು ಬೂದು ಬಣ್ಣದ ಹಾಳೆಗಳ ನಡುವೆ ಆ ಒಂದರ ಮೇಲೆ ಮಾತ್ರ ಅವ್ವನ ಬೆರಳಿನ ಕೆಂಪು. ಐದಕ್ಕೆ ಹತ್ತು ನಿಮಿಷ ಇರುವಾಗ ಉತ್ತರ ಬಂತು: ಎಲ್ಲ ಸ್ಪಷ್ಟವಾಗಿವೆ, ಸೋಮವಾರ ಬನ್ನಿ.

ಇದನ್ನು ಕಂಡವರು ನನ್ನನ್ನು ಬಿಟ್ಟರೆ ಮೂವರು, ಮೂವರೂ ಇದ್ದಾರೆ. ತಂಗಿ ಗಂಗಾವತಿಯಲ್ಲಿ, ಅದೇ ಆಸ್ಪತ್ರೆಯಲ್ಲಿ. ಅಂಗಡಿಯಾಕೆ ಅದೇ ಕೌಂಟರಿನ ಹಿಂದೆ. ಅವ್ವ ನಮ್ಮ ಮನೆಯಲ್ಲಿ. ಕಾಗದ ಬಂದರೆ ಈಗಲೂ ದೇವರ ಮುಂದಿಡುತ್ತಾಳೆ, ಕುಂಕುಮವನ್ನು ಮಾತ್ರ ಲಕೋಟೆಗೆ ಹಚ್ಚುತ್ತಾಳೆ.