ಕೂರುವ ಕಾಲು, ಏಳುವ ಕಾಲು

ಶ್ರೀಪಾದ, ಸಾವಿತ್ರಿ, ನಿಮ್ಮ ಅಜ್ಜಿ ಒಮ್ಮೆ ಯಲ್ಲಾಪುರದಲ್ಲಿ ಒಂದು ಮುಂಜಿಯ ಊಟಕ್ಕೆ ಕೂತು ಏಳು ಸಲ ಮಜ್ಜಿಗೆ ಹಾಕಿಸಿಕೊಂಡಳು. ಬೇರೆಯವರ ಬಾಯಿಂದ ನೀವು ಇದನ್ನು ಕೇಳುವ ಮೊದಲು ನಾನೇ ಬರೆದಿಡುವುದು ಒಳ್ಳೆಯದು. ಮಜ್ಜಿಗೆಯ ಆಸೆಯಿಂದ ಅಲ್ಲ. ಅರ್ಧ ತಪ್ಪು ನನ್ನ ಬಲ ಮೊಣಕಾಲಿನದು, ಇನ್ನರ್ಧ ನನ್ನ ನಾಚಿಕೆಯದು.

ಶ್ರೀಪಾದ ಈಗ ಎರಡನೆಯ ಇಯತ್ತೆ, ಸಾವಿತ್ರಿಗೆ ಅಕ್ಷರವೇ ಬಂದಿಲ್ಲ. ಹಾಗಾಗಿ ದೊಡ್ಡವರಾದ ಮೇಲಿನ ನಿಮಗೆ ಬರೆಯುತ್ತಿದ್ದೇನೆ. ಆ ನಿಮ್ಮನ್ನು ನಾನಿನ್ನೂ ನೋಡಿಲ್ಲವಾದ್ದರಿಂದ ಬರೆಯಲು ಸ್ವಲ್ಪ ಸಂಕೋಚ.

ನಮ್ಮ ಸಿದ್ದಾಪುರ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ ಈ ಮೊಣಕಾಲೂ ನನ್ನನ್ನು ಬಿಟ್ಟು ಬೇರೆ ರಾಜ್ಯವಾಯಿತು. ಹತ್ತು ದಿನ ಏನೂ ಇರುವುದಿಲ್ಲ. ಹನ್ನೊಂದನೆಯ ದಿನ ಕಾಲು ಮಡಚಿ ಕೂತರೆ ಒಳಗೆ ಏನೋ ಸಿಕ್ಕಿಕೊಂಡು, ಚಿಲಕ ಹಾಕಿದ ಬಾಗಿಲಿನ ಹಾಗೆ, ನೆಟ್ಟಗಾಗುವುದೇ ಇಲ್ಲ. ಮನಸ್ಸು ಬಂದಾಗ ತಾನಾಗಿಯೇ ಬಿಡುತ್ತದೆ. ಲಕ್ಕಿ ಸೊಪ್ಪಿನ ಬಿಸಿನೀರು ಹಾಕಿದ್ದಾಯಿತು, ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಟ್ಟಿದ್ದಾಯಿತು. ಮೊಣಕಾಲಿಗೆ ಒಳ್ಳೆಯ ವಾಸನೆ ಬಂತು.

ಮೊಣಕಾಲಿಗೂ ನನಗೂ ಹಳೆಯ ಲೇವಾದೇವಿ. ನಾನು ಕಲಿತ ಹಳ್ಳಿಯ ಶಾಲೆಯಲ್ಲಿ ಉತ್ತರ ಬಾರದವರನ್ನು ಮೊಣಕಾಲೂರಿಸುತ್ತಿದ್ದರು. ಉತ್ತರ ಗೊತ್ತಿದ್ದೂ, ಹೇಳಲು ನಾಚಿಕೆಯಾಗಿ ಮೊಣಕಾಲೂರಿದವಳು ನಾನೊಬ್ಬಳೇ ಇರಬೇಕು. ಮುಂದೆ ಮದುವೆಯಾಯಿತು, ನಿಮ್ಮ ಅಜ್ಜ ಇದ್ದರು, ಹೋದರು. ಎಲ್ಲ ಪ್ರಶ್ನೆಗಳಿಗೂ ನನ್ನ ಪರವಾಗಿ ಯಾರಾದರೂ ಉತ್ತರ ಹೇಳುತ್ತಲೇ ಬಂದರು. ಅದೂ ಒಂದು ಸುಖ. ಗುಡ್ನಾಪುರದ ಕೆರೆಯ ಹತ್ತಿರ ಒಮ್ಮೆ ಕಲ್ಲಿನ ಬಸವನನ್ನು ನೋಡಿದ್ದೆ. ಮೂರು ಕಾಲು ಮಡಚಿದೆ, ಮುಂದಿನ ಒಂದು ಕಾಲನ್ನು ಇನ್ನೇನು ಏಳುತ್ತೇನೆ ಎನ್ನುವಂತೆ ಊರಿದೆ. ಕದಂಬರ ಕಾಲದ್ದೆಂದು ನಿಮ್ಮ ಅಪ್ಪ ಹೇಳಿದ. ಅಂದರೆ ಅಷ್ಟು ನೂರು ವರ್ಷಗಳಿಂದ ಅದು ಏಳುವ ಯೋಚನೆಯಲ್ಲೇ ಇದೆ. ಜನ ಅದಕ್ಕೆ ಹೂವೇರಿಸಿ ಕೈಮುಗಿಯುತ್ತಾರೆ. ಏಳದೆ ಕೂತವರಿಗೆ ಮರ್ಯಾದೆ ಹೆಚ್ಚು ಎಂದು ಅಂದುಕೊಂಡೆ.

ಆ ಮರ್ಯಾದೆಯೇ ಯಲ್ಲಾಪುರದಲ್ಲಿ ಕೈಕೊಟ್ಟಿತು. ನಿಮ್ಮ ಅಜ್ಜ ಹೋದಮೇಲೆ ಇಂಥ ಕಾರ್ಯಗಳಲ್ಲಿ ನಾನು ಒಳಗೆಲ್ಲೋ ಮೂಲೆಯಲ್ಲಿ ಉಣ್ಣುವವಳು. ಅಂದು ಆ ಮನೆಯವರು ಹಿರಿಯಳೆಂದು ಒತ್ತಾಯಿಸಿ ಹೆಂಗಸರ ಪಂಕ್ತಿಯ ಮೊದಲ ಮಣೆಯಲ್ಲಿ ಕೂರಿಸಿದರು. ಪಂಕ್ತಿಯಲ್ಲಿ ಹಿರಿಯರು ಏಳದೆ ಉಳಿದವರು ಏಳುವಂತಿಲ್ಲ, ನಿಮಗೂ ಗೊತ್ತಿದ್ದೀತು. ಮಜ್ಜಿಗೆ ಅನ್ನ ಮುಗಿಯಿತು. ಏಳಬೇಕೆಂದು ನೋಡಿದರೆ ಕಾಲಿಗೆ ಚಿಲಕ ಬಿದ್ದಿದೆ. ಮೂವತ್ತು ಜನ ನನ್ನ ಮುಖ ನೋಡುತ್ತಿದ್ದಾರೆ. ಕಾಲು ಸಿಕ್ಕಿಕೊಂಡಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ‘ಸ್ವಲ್ಪ ಮಜ್ಜಿಗೆ’ ಎಂದು.

ಬಡಿಸುವವರಿಗೆ ಬಲು ಸಂತೋಷ. ಹಿಡಿ ಅನ್ನ ಉಣ್ಣುವ ಮುದುಕಿ ಕೇಳಿ ಹಾಕಿಸಿಕೊಳ್ಳುತ್ತಿದ್ದಾಳೆಂದು ಹೋಳಿಗೆಯ ಬುಟ್ಟಿಯೂ ತಿರುಗಿ ಬಂತು. ಸಾಲಿನಲ್ಲಿ ಎಲ್ಲರ ಕೈ ಒಣಗಿತು. ಒಳಗೆ ಯಾರದೋ ಕೂಸು ಅಳತೊಡಗಿತು, ಅದರ ತಾಯಿ ನನ್ನ ಎಲೆಯನ್ನೇ ನೋಡುತ್ತಿದ್ದಳು. ಮುಂದಿನ ಪಂಕ್ತಿಯವರು ಬಾಗಿಲಲ್ಲಿ ನಿಂತಿದ್ದರು. ಪಕ್ಕದಲ್ಲಿದ್ದ ನನ್ನ ಸೊಸೆ, ನಿಮ್ಮ ಆಯಿ ಭಾಗೀರಥಿ, ಏಳನೆಯ ಮಜ್ಜಿಗೆಗೆ ಮೆಲ್ಲನೆ ಕೇಳಿದಳು:

“ಅತ್ತೆ, ಕಾಲು ಹಿಡ್ಕಂಡ್ತಾ?”

ನಾನು ತಲೆ ಆಡಿಸಿದೆ. ಅವಳು ಏನೂ ಹೇಳದೆ ಎದ್ದು ನಿಂತು ಕೈತೊಳೆಯಲು ಹೊರಟುಬಿಟ್ಟಳು. ಪಂಕ್ತಿ ಮುರಿಯಿತು, ಉಳಿದವರೂ ಬಿಡುಗಡೆಯಾಗಿ ಎದ್ದರು. ಆದರೆ ನನ್ನ ಓರಗೆಯವಳೊಬ್ಬಳು ಎಲ್ಲರಿಗೂ ಕೇಳುವಂತೆ ಹೇಳಿದಳು: “ಅತ್ತೆ ಇನ್ನೂ ಕುಂತ್ಕಂಡಿದ್ದು, ಸೊಸೆ ಎದ್ದೋತು. ಎಂತಾ ಕಾಲ ಬಂತೇನ.”

ಆಗಲಾದರೂ ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಕಾಲಿನ ಚಿಲಕ ತಾನಾಗಿಯೇ ಬಿಟ್ಟಿತು. ಬಸ್ಸಿನಲ್ಲಿ ಬರುವಾಗ ಭಾಗೀರಥಿಯನ್ನು, ನೀನಾದರೂ ಕಾರಣ ಹೇಳಬಾರದಿತ್ತೇ ಎಂದು ಕೇಳಿದೆ. “ನಿಂಗೆ ನಾಚಿಕೆ ಆಗ್ತು ಹೇಳಿ ಆನು ಹೇಳಿದ್ನಿಲ್ಲೆ” ಎಂದಳು. ಅಷ್ಟೇ. ಆಮೇಲೆ ಶಿರಸಿಯ ನೆಂಟರ ಮನೆಗೂ ಈ ಸುದ್ದಿ ತಲುಪಿತ್ತು, ಕಾಲಿನ ಸುದ್ದಿಯಲ್ಲ, ಸೊಸೆಯ ಸುದ್ದಿ.

ಅಂದು ಮನೆಗೆ ಬಂದವಳೇ ನಿಮ್ಮ ಅಪ್ಪನಿಗೆ ಕಾಲಿನ ವಿಷಯ ಪೂರ್ತಿ ಹೇಳಿದೆ. ಅವನು ಹುಬ್ಬಳ್ಳಿಗೆ ಕರೆದೊಯ್ದ. ಅಲ್ಲಿನ ಡಾಕ್ಟರರು ಕಾಲಿನ ಫೋಟೋ ತೆಗೆಸಿ ಕಿಟಕಿಗೆ ಹಿಡಿದು ತೋರಿಸಿದರು. ಕೀಲಿನೊಳಗೆ ಹುಣಸೆ ಬೀಜದಷ್ಟು ಒಂದು ಎಲುಬಿನ ಚೂರು ಬಿಡಿಯಾಗಿ ಓಡಾಡಿಕೊಂಡಿದೆಯಂತೆ. ಅಡ್ಡ ಬಂದಾಗ ಕಾಲು ಸಿಕ್ಕಿಕೊಳ್ಳುತ್ತದೆ. ಕೊಯ್ದು ತೆಗೆಯಬಹುದು. ತೆಗೆದರೆ ನಡೆಯಲು, ಏಳಲು ತೊಂದರೆಯಿಲ್ಲ. ಆದರೆ ಈ ವಯಸ್ಸಿನಲ್ಲಿ ಕಾಲು ಮೊದಲಿನಂತೆ ಪೂರ್ತಿ ಮಡಚೀತೆಂದು ಹೇಳಲಾಗದು. ನನಗೆ ಎಷ್ಟು ನೋವು, ಎಷ್ಟು ನಿದ್ದೆ ಎಂಬುದಕ್ಕೆಲ್ಲ ನಿಮ್ಮ ಅಪ್ಪನೇ ಉತ್ತರ ಕೊಡುತ್ತಿದ್ದ. ಶಾಲೆಯ ಮಾಸ್ತರ ತಾನೆ. ಡಾಕ್ಟರರು ನಕ್ಕರು. “ಮಾಸ್ತರ್ರ, ನೀವು ಸ್ವಲ್ಪ ಸುಮ್ಮ ಕೂಡ್ರಿ. ಕಾಲು ಅಮ್ಮಾರದೈತಿ, ಅವ್ರ ಹೇಳ್ಲಿ.”

ಅಮ್ಮಾರು ಹೇಳಲಿಲ್ಲ. ಯೋಚಿಸಿ ತಿಳಿಸುತ್ತೇನೆಂದು ತಿರುಗಿ ಬಂದೆವು.

ಲೆಕ್ಕ ಸರಳ: ಹಾಗೇ ಬಿಟ್ಟರೆ ಕೂರಲು ಬರುವ, ಏಳಲು ನಂಬಿಕೆಯಿಲ್ಲದ ಕಾಲು. ಕೊಯ್ಸಿದರೆ ಏಳಲು ಬರುವ, ಬಹುಶಃ ಕೂರಲು ಬಾರದ ಕಾಲು. ನೆಲದ ಮೇಲೆ ಕೂರಲಾಗದಿದ್ದರೆ ಒಲೆಯ ಮುಂದೆ ಹೇಗೆ ಕೂರಲಿ, ಎಲೆಯ ಮುಂದೆ ಹೇಗೆ ಕೂರಲಿ? ಕುರ್ಚಿ ತರುತ್ತೇನೆ ಎಂದು ನಿಮ್ಮ ಅಪ್ಪ ಹೇಳಿದ. ಎಲ್ಲರೂ ನೆಲದಲ್ಲಿ, ನಾನೊಬ್ಬಳು ದರ್ಬಾರಿನಲ್ಲಿ ಕೂತಂತೆ ಮೇಲೆ! ಪಕ್ಕದ ಬಟ್ಟೆ ಅಂಗಡಿಯ ನೀಲವ್ವ, ಬನವಾಸಿ ಕಡೆಯವಳು, ಬಹಳ ಯೋಚಿಸಿ ತೀರ್ಪು ಕೊಟ್ಟಳು: “ಹೊಲದದ್ದು ಬಿಚ್ಚಿ ತಿರುಗಿ ಹೊಲದ್ರ ಮೊದಲಿನ ಅಳತಿ ಬರೂದಿಲ್ರಿ ಅಮ್ಮಾರ.” ಬಂದವರೆಲ್ಲ ಒಂದೊಂದು ಹೇಳಿದರು. ಹೇಳದವಳು ಭಾಗೀರಥಿ ಒಬ್ಬಳೇ. ಎರಡು ಸಲ ಕೇಳಿದೆ. ಮೂರನೆಯ ಸಲ, ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆ ಹೇಳಿದಳು:

“ಆನು ಎಂತೂ ಹೇಳ್ತ್ನಿಲ್ಲೆ ಅತ್ತೆ. ನಾಳೆ ಕಾಲು ಸರಿ ಆಗದಿದ್ರೆ, ಸೊಸೆ ಕೊಯ್ಸ್ತು ಹೇಳಿ ಜನ ಹೇಳ್ತ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ನಾನು ಸುಮ್ಮನಿದ್ದಾಗಲೆಲ್ಲ ನನ್ನ ಮಾತನ್ನು ಬೇರೆ ಯಾರೋ ಹೊರಬೇಕಾಗುತ್ತದೆ ಎಂದು ಆವರೆಗೆ ನನಗೆ ತೋಚಿರಲಿಲ್ಲ. ನಾಚಿಕೆಯನ್ನು ನಾನು ಒಳ್ಳೆಯ ಗುಣವೆಂದೇ ತಿಳಿದು ಸಾಕಿಕೊಂಡಿದ್ದೆ; ಅದಕ್ಕೆ ಮೇವು ಹಾಕುತ್ತಿದ್ದವರು ಬೇರೆಯವರು.

ನಿನ್ನೆ ಮಧ್ಯಾಹ್ನ ಎಲ್ಲರೂ ಉಣ್ಣುವಾಗ, ನೀಲವ್ವನೂ ಬಾಗಿಲಲ್ಲಿ ನಿಂತಿದ್ದಾಗ, ಹೇಳಿಬಿಟ್ಟೆ: “ಆನು ಆಪರೇಶನ್ ಮಾಡ್ಸ್ಕತ್ತಿ. ಯಾರೂ ಹೇಳಿದ್ದಲ್ಲ, ಆನೇ ಹೇಳಿದ್ದು.” ದನಿ ಸ್ವಲ್ಪ ಜೋರಾಯಿತೇನೋ, ಶ್ರೀಪಾದ ತುತ್ತು ಹಿಡಿದೇ ನನ್ನನ್ನು ನೋಡಿದ. ಬಡಿಸುತ್ತಿದ್ದ ನಿಮ್ಮ ಆಯಿಯ ಸೌಟು ನಿಂತಿತು. ಆಮೇಲೆ ಕೇಳದೆಯೇ ನನ್ನ ಅನ್ನಕ್ಕೆ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಬಿತ್ತು.

ಡಾಕ್ಟರರಿಗೆ ಕಾರ್ಡನ್ನೂ ನಾನೇ ಬರೆದೆ. ಇಷ್ಟು ವರ್ಷ ಕೂತದ್ದು ಸಾಕಷ್ಟಾಯಿತು. ರುಬ್ಬಿ, ಬೇಯಿಸಿ, ಹೆತ್ತು, ಅತ್ತು, ಎಲ್ಲ ಕೂತೇ ಆಯಿತು. ಇನ್ನುಳಿದ ದಿನ ಎದ್ದು ನೋಡುತ್ತೇನೆ. ನಡೆಯಲು ಬಂದರೆ ಮೊದಲು ಸ್ವರ್ಣವಲ್ಲಿಯ ಮಠಕ್ಕೆ ಹೋಗಬೇಕು. ಮೊಣಕಾಲೂರಲಾಗದಿದ್ದರೆ ನಿಂತೇ ಕೈಮುಗಿದರಾಯಿತು. ಸಾವಿತ್ರಿಯ ಹಿಂದೆ ನಾಲ್ಕು ಹೆಜ್ಜೆ ಓಡಿದರೂ ಓಡಿಯೇನು. ಭಯವಿಲ್ಲವೇ ಎಂದರೆ, ಇದೆ. ಆದರೆ ಗುರುವಾರದ ಹುಬ್ಬಳ್ಳಿ ಬಸ್ಸಿಗೆ ಇವತ್ತೇ ಗಂಟು ಕಟ್ಟಿಯಾಗಿದೆ.

ಮಕ್ಕಳೇ, ಈ ಹಾಳೆಗಳನ್ನು ಎಣ್ಣೆಕೈ ತಾಗದಂತೆ ಜೋಪಾನವಾಗಿ ಇಟ್ಟುಕೊಳ್ಳಿ. ಕಾಲು ಸರಿಯಾದರೆ ಇವುಗಳಿಂದ ಏನೂ ಉಪಯೋಗವಿಲ್ಲ, ಓದಿ ನಕ್ಕರಾಯಿತು. ಸರಿಯಾಗದೆ, ನಿಮ್ಮ ಆಯಿಯ ಕಡೆಗೆ ಯಾರಾದರೂ ಬೆರಳು ತೋರಿಸಿದರೆ, ಅವರ ಮುಂದೆ ಹಿಡಿಯಿರಿ. ಅಕ್ಷರ ನನ್ನದು, ತೀರ್ಮಾನವೂ ನನ್ನದೇ.