ಮಾಸ್ತರರ ಸಂಜೆಯ ಸುತ್ತು

ನಿಜಾಮರ ಕಾಲದ ಬೀದರ. ನಮ್ಮ ಪಕ್ಕದ ಮನೆಯಲ್ಲಿದ್ದ ಉರ್ದು ಸಾಲೆಯ ಮಾಸ್ತರರು ಪ್ರತಿ ಸಂಜೆ ಧೋತರದ ಅಂಚನ್ನು ದಾರದಿಂದ ಬಿಗಿದುಕೊಂಡು ಸೈಕಲ್ ಹತ್ತುತ್ತಿದ್ದರು. ಕೋಟೆಯ ಕಂದಕದ ಪಕ್ಕದಿಂದ ಹೊರಟು, ಪೇರಲ ತೋಟಗಳ ನೆರಳಲ್ಲಿ ಇಳಿದು, ಮಾಂಜ್ರಾ ನದಿಯ ದಂಡೆ ಮುಟ್ಟಿ ಮತ್ತೆ ಮನೆಗೇ ಬರುವುದು. ಬರುವಾಗ ಕೆಂಪು ಧೂಳಿನಲ್ಲಿ ತೇಲಿ ಬಂದಂತೆ ಕಾಣುತ್ತಿದ್ದರು.

ಹೊರಟಲ್ಲಿಗೇ ಮರಳುವವನು ಎಲ್ಲಿಗೂ ಹೋಗಿಲ್ಲ ಎಂಬುದು ನನ್ನ ವಾದ. "ನೀ ಒಮ್ಮಿ ಸುತ್ತಿ ಬಾ, ಆಮ್ಯಾಲ ಜಗಳಾಡು," ಎಂದು ಅವರು ಪ್ರತಿ ಸಲವೂ ನಗುತ್ತಿದ್ದರು.

ಹಾಸಿಗೆ ಹಿಡಿದಿದ್ದ ಅವರ ಅಕ್ಕ ನದಿ ದಂಡೆಯ ಹಳ್ಳಿಯಲ್ಲಿ ಬೆಳೆದವರು. ಆ ದಿನದ ನದಿ ಹೇಗಿತ್ತೆಂದು ಕೇಳದೆ ರೊಟ್ಟಿ ಮುರಿಯುತ್ತಿರಲಿಲ್ಲ.

ಮಾಸ್ತರರಿಗೆ ಜ್ವರ ಬಂದ ದಿನ ಸೈಕಲ್ಲನ್ನು ನನ್ನ ಕೈಗೆ ಕೊಟ್ಟರು. ನಾನು ತೋಟದ ತನಕ ಹೋಗಿ, ನೆರಳಲ್ಲಿ ಕುಳಿತು, ನದಿಯನ್ನು ತಲೆಯಲ್ಲೇ ಕಟ್ಟಿಕೊಂಡು ಬಂದೆ.

"ನೀರು ತಿಳಿ ಆಗ್ಯಾದ್ರಿ ಅಕ್ಕಾರ. ಬೆಳ್ಳಕ್ಕಿ ಇಳದಾವ. ದಂಡಿ ಹೊಲದಾಗ ಎತ್ತು ಹೂಡಿ ಹರಗಲಾಕತ್ತಾರ."

ಕಣ್ಣು ಮುಚ್ಚಿ ಕೇಳುತ್ತಿದ್ದ ಅಕ್ಕ ಕಣ್ಣು ತೆರೆದರು. "ಇವತ್ತ ಸೋಮವಾರ ಅಲ್ಲೇನೋ? ಸೋಮವಾರ ನಮ್ಮ ಕಡಿ ಎತ್ತಿನ ಹೆಗಲಿಗಿ ಯಾರು ನೊಗ ಇಡ್ತಾರ?"

ಅಕ್ಕ ರೊಟ್ಟಿಯ ತಾಟನ್ನು ಪಕ್ಕಕ್ಕೆ ಸರಿಸಿದರು. ಕಂಬಳಿ ಹೊದ್ದು ಮಲಗಿದ್ದ ಮಾಸ್ತರರು ಬೈಯಲಿಲ್ಲ. ಕಿಟಕಿಯತ್ತ ಕೈ ತೋರಿಸಿ, "ಇನ್ನಾ ಬೆಳಕ ಅದ, ತಮ್ಮಾ," ಎಂದರು.