ಭೀಮಣ್ಣ ಮಾಸ್ತರರ ಎಳ್ಳು-ಜೋಳದ ಪರೀಕ್ಷೆ

ಯಾರಿಗಾದರೂ ಮ್ಯಾಂಡೊಲಿನ್ ಕೊಡಿಸಲು ಹೊರಟರೆ ಭೀಮಣ್ಣ ಮಾಸ್ತರರ ಅಂಗಿಯ ಜೇಬಿನಲ್ಲಿ ಒಂದಿಷ್ಟು ಎಳ್ಳು, ನಾಲ್ಕು ಜೋಳದ ಕಾಳು ಇರಲೇಬೇಕು. ವಾದ್ಯದ ಕುತ್ತಿಗೆ ಮೈಗೆ ಕೂಡುವ ಕಡೆ, ತಂತಿಯ ಕೆಳಗೆ ಕಾಳು ತೂರಿಸಿ ನೋಡುವರು. "ಎಳ್ಳು ಹಾಯಬೇಕು, ಜೋಳ ಹಾಯಬಾರ್ದು. ಜೋಳಾನೂ ಹಾದ್ರ ತಂತಿ ಭಾಳ ಮ್ಯಾಲ ಅದಾವು ಅಂತ ತಿಳಿ. ಹೊಸದಾಗಿ ಕಲಿಯವರ ಬೆರಳ ಕೊಯ್ತಾವು."

ನನಗೆ ಅವರ ಮೇಲೆ ಸಿಟ್ಟಿತ್ತು, ಮುಚ್ಚುಮರೆ ಏಕೆ? ಹನ್ನೆರಡನೆಯ ವಯಸ್ಸಿನಲ್ಲಿ ಸಿಂದಗಿಯ ಅವರ ಮನೆಯಲ್ಲಿ, ಅವರದೇ ಹಳೆಯ ಮ್ಯಾಂಡೊಲಿನ್ ಮೇಲೆ ಕಲಿಯಲು ಕೂತವಳು ನಾನು. ಒತ್ತಿ ಒತ್ತಿ ಬೆರಳಲ್ಲಿ ರಕ್ತ ಬಂತೇ ಹೊರತು ಸ್ವರ ಬರಲಿಲ್ಲ. ಈ ಹುಡುಗಿಯ ಬೆರಳಿಗೆ ಸಂಗೀತ ಒಗ್ಗುವುದಿಲ್ಲವೆಂದು ಮಾಸ್ತರರು ಅಪ್ಪನಿಗೆ ಹೇಳಿದರು. ಅಪ್ಪ ಮರುಮಾತಿಲ್ಲದೆ ಪಾಠ ಬಿಡಿಸಿದ. ಮುಂದೆ ಕನ್ನೊಳ್ಳಿಯಲ್ಲಿ ಟೀಚರಾದರೂ ಮಕ್ಕಳ ಹಾಡಿಗೆ ಚಪ್ಪಾಳೆ ತಟ್ಟಲು ಹಿಂಜರಿಯುತ್ತಿದ್ದೆ.

ನಲವತ್ತು ದಾಟಿದ ಮೇಲೆ ಹಟ ಹುಟ್ಟಿತು. ಮ್ಯಾಂಡೊಲಿನ್ ಬಲ್ಲವರು ಸುತ್ತಮುತ್ತ ಅವರೊಬ್ಬರೇ. ಒಲ್ಲದ ಮನಸ್ಸಿನಿಂದ ಅವರನ್ನೇ ಕರೆದುಕೊಂಡು ಇಂಡಿ ಪಟ್ಟಣದ ವಾದ್ಯದ ಅಂಗಡಿಗೆ ಹೋದೆ. ನನ್ನ ಕಣ್ಣು ಬಿದ್ದದ್ದು ನವಿಲು ಕೆತ್ತಿದ, ಥಳಥಳಿಸುವ ವಾದ್ಯದ ಮೇಲೆ. ಜೋಳ ಸಲೀಸಾಗಿ ಹಾದುಹೋಯಿತು. "ನವಿಲ ಬಾರ್ಸೂದಿಲ್ಲವ್ವ, ಇಡು," ಎಂದರು. ಅಂಗಡಿಯವನು ಮುಖ ಗಂಟಿಕ್ಕಿದ. ಕೊನೆಗೆ ಮೂಲೆಯಲ್ಲಿದ್ದ, ಎಲ್ಲಕ್ಕಿಂತ ಅಗ್ಗದ, ಸಾದಾ ಮ್ಯಾಂಡೊಲಿನ್‌ನಲ್ಲಿ ಎಳ್ಳು ಹಾಯಿತು, ಜೋಳ ಸಿಕ್ಕಿಕೊಂಡಿತು. ಒತ್ತಲು ಹೇಳಿದರು. ಒತ್ತಿದೆ. ನೋವೇ ಆಗಲಿಲ್ಲ, ಸ್ವರ ನಿಚ್ಚಳವಾಗಿ ಬಂತು. ಅಂಗಡಿಯಲ್ಲೇ ನನಗೆ ಅಳು ಬಂತು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದರು: ವಯಸ್ಸಾಗಿ ತಮ್ಮ ಬೆರಳು ಸೋತು, ತಮ್ಮ ಮ್ಯಾಂಡೊಲಿನ್ ತಮ್ಮನ್ನೇ ನೋಯಿಸತೊಡಗಿದಾಗಲೇ ಈ ಪರೀಕ್ಷೆ ಹೊಳೆಯಿತಂತೆ. ಆಮೇಲೆ, ಅಪ್ಪ ಮನೆಯಲ್ಲಿ ಇರುತ್ತಾರೇನು ಎಂದು ಕೇಳಿದರು.

ಸೀದಾ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ. ಎಂಬತ್ತು ದಾಟಿದ ಅಪ್ಪನ ಮುಂದೆ ಕೈ ಕಟ್ಟಿ ನಿಂತರು.

"ಅವತ್ತ ನಾ ತಪ್ಪ ಹೇಳಿದ್ನಿರಿ. ಈಕಿ ಬೆರಳ ಚೊಲೊ ಅದಾವು. ನನ್ನ ಮ್ಯಾಂಡೊಲಿನ್ ಸರಿ ಇರಲಿಲ್ಲ."

ಮಾಸ್ತರರು ಸೋಮವಾರದಿಂದ ಪಾಠ ಎಂದು ಹೇಳಿ ಹೋದರು. ರವಿವಾರವೇ ತೀರಿಕೊಂಡರು.

ಮಣ್ಣು ಕೊಟ್ಟು ಬಂದ ಸಂಜೆ ಮ್ಯಾಂಡೊಲಿನ್ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತು, ನನ್ನ ಎಡಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿದ.

"ಮಾಸ್ತರ ತನ್ನ ತಪ್ಪ ಹೇಳಿ ಹೋದ. ಬೆರಳ ನೋಯ್ತಾವೇನವ್ವ ಅಂತ ಅವತ್ತ ನಾನಾದ್ರೂ ನಿನ್ನ ಕೇಳಬೇಕಿತ್ತು."